ಓವನ್ ಇಲ್ಲದ ಮನೆಗೆ ಸ್ಲೋ ಕುಕ್ಕರ್ ಬ್ರೆಡ್

ಕಾರವಾರದ ಕಡೆ ಬೆಳಗಿನ ತಿಂಡಿಗೆ ಪಾವು-ಭಾಜಿ ಎಂದರೆ ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ. ಮಾಜಾಳಿಯ ಆಚೆಗೇ ಗೋವಾ; ಪೋರ್ಚುಗೀಸರ ಕಾಲದಿಂದ ಅಲ್ಲಿ ನೆಲೆಯೂರಿದ ಗೋಧಿ ಬ್ರೆಡ್ಡಿನ ರೂಢಿ ಗಡಿಯನ್ನು ಲೆಕ್ಕಿಸದೆ ಈಚೆಗೂ ಹರಡಿಕೊಂಡಿದೆ. ಹಾಗಿದ್ದರೂ ಪಾವು ನಮ್ಮ ಮನೆಗಳಿಗೆ ಬೇಕರಿಯಿಂದ ಬರುವ ಪದಾರ್ಥವಾಗಿಯೇ ಉಳಿದಿದೆ, ಏಕೆಂದರೆ ಅದಕ್ಕೆ ಬೇಕಾದ ಭಟ್ಟಿಯಾಗಲಿ ಓವನ್ ಆಗಲಿ ಹೆಚ್ಚಿನ ಅಡುಗೆಮನೆಗಳಲ್ಲಿ ಇರುವುದಿಲ್ಲ. ಈಚೆಗೆ ಕಾಳು, ಮಾಂಸ, ಸಾರು ಬೇಯಿಸಲೆಂದು ಸ್ಲೋ ಕುಕ್ಕರ್ ಕೊಂಡವರು ಅದೇ ಪಾತ್ರೆಯಲ್ಲಿ ಮೆತ್ತನೆಯ, ರುಚಿಯಾದ ಬ್ರೆಡ್ ಮಾಡಿಕೊಳ್ಳಬಹುದು. ಆದರೆ ಒಂದು ಮಾತನ್ನು ಮೊದಲೇ ತಿಳಿದಿರಬೇಕು: ಸ್ಲೋ ಕುಕ್ಕರಿನಲ್ಲಿ ಆಗುವ ಬ್ರೆಡ್ ಭಟ್ಟಿಯ ಪಾವಿಗಿಂತ ನಮ್ಮ ಹಬೆಯ ಕಡುಬಿಗೆ ಹತ್ತಿರದ ನೆಂಟ. ಇದನ್ನು ಒಪ್ಪಿಕೊಂಡು ಕೆಲಸಕ್ಕೆ ಕೈಹಾಕಿದವರಿಗೆ ನಿರಾಸೆಯಾಗುವುದಿಲ್ಲ.

ಪಾತ್ರೆಯ ಸ್ವಭಾವ

ಈ ಉಪಕರಣ ಹುಟ್ಟಿದ್ದು ಬ್ರೆಡ್ಡಿಗಾಗಿ ಅಲ್ಲ. ಅಮೆರಿಕದ ಇರ್ವಿಂಗ್ ನ್ಯಾಕ್ಸನ್ 1940ರಲ್ಲಿ ಪೇಟೆಂಟ್ ಪಡೆದ ಪಾತ್ರೆಯೇ ಇದರ ಮೂಲ. ಅವರು ಅದನ್ನು ಕಾಳು ಬೇಯಿಸುವ ಪಾತ್ರೆಯಾಗಿ ಮಾರಿದರು, ಮುಂದೆ 1971ರಲ್ಲಿ ಅದು ಕ್ರಾಕ್-ಪಾಟ್ ಎಂಬ ಹೆಸರಿನಲ್ಲಿ ಮನೆಮನೆಗೆ ಹೋಯಿತು. ದಪ್ಪನೆಯ ಪಿಂಗಾಣಿ ಪಾತ್ರೆ, ಅದರ ಸುತ್ತ ಮಂದವಾಗಿ ಕಾಯುವ ವಿದ್ಯುತ್ ತಂತಿ, ಮೇಲೊಂದು ಗಾಜಿನ ಮುಚ್ಚಳ, ಇಷ್ಟೇ ಅದರ ರಚನೆ. ಸಾಮಾನ್ಯ ಗಾತ್ರದ ಕುಕ್ಕರ್ 200ರಿಂದ 250 ವಾಟ್ ಮಾತ್ರ ಬಳಸುವುದರಿಂದ, ಎರಡು ಗಂಟೆ ಉರಿಸಿದರೂ ಸುಮಾರು ಅರ್ಧ ಯೂನಿಟ್ಟಿನಲ್ಲಿ ಕೆಲಸ ಮುಗಿಯುತ್ತದೆ. ಲೋ ಮತ್ತು ಹೈ ಎಂಬ ಗುರುತುಗಳ ಬಗ್ಗೆ ಹಲವರಿಗೆ ತಪ್ಪು ಕಲ್ಪನೆಯಿದೆ. ಹೆಚ್ಚಿನ ಕುಕ್ಕರುಗಳಲ್ಲಿ ಎರಡೂ ಕೊನೆಗೆ ತಲುಪುವುದು ಕುದಿಯುವ ಮಟ್ಟದ ಆಸುಪಾಸಿಗೇ. ವ್ಯತ್ಯಾಸವಿರುವುದು ಅಲ್ಲಿಗೆ ತಲುಪಲು ತೆಗೆದುಕೊಳ್ಳುವ ಸಮಯದಲ್ಲಿ. ಬ್ರೆಡ್ಡಿಗೆ ಹೈ ಮಾತ್ರ ಸರಿ. ಲೋದಲ್ಲಿ ಇಟ್ಟರೆ ಹಿಟ್ಟು ಬೇಯುವ ಮೊದಲೇ ಅತಿಯಾಗಿ ಹುದುಗಿ ಕುಸಿಯುತ್ತದೆ.

ಬ್ರೆಡ್ ಬೇಯುವುದಕ್ಕೆ ಅದರ ನಡುಭಾಗ ಸುಮಾರು 93 ಡಿಗ್ರಿ ಸೆಲ್ಸಿಯಸ್ ತಲುಪಿದರೆ ಸಾಕು, ಮತ್ತು ಅಷ್ಟು ಬಿಸಿಯನ್ನು ಈ ಪಾತ್ರೆ ಕೊಡಬಲ್ಲದು. ಆದರೆ ಮೇಲ್ಪದರ ಕೆಂಪಗಾಗಬೇಕಾದರೆ ಅಲ್ಲಿ 140 ಡಿಗ್ರಿಯಾದರೂ ಆಗಬೇಕು. ಹಬೆ ತುಂಬಿದ ಮುಚ್ಚಳದ ಕೆಳಗೆ ಅದು ಸಾಧ್ಯವಿಲ್ಲ. ಪಾತ್ರೆಗೆ ತಾಗಿಕೊಂಡ ತಳ ಮತ್ತು ಬದಿಗಳು ಹೊಂಬಣ್ಣಕ್ಕೆ ತಿರುಗಿ, ನೆತ್ತಿ ಮಾತ್ರ ಬಿಳಿಚಿಕೊಂಡಿರುವುದು ಇದೇ ಕಾರಣದಿಂದ. ಅದಕ್ಕೆ ಪರಿಹಾರವನ್ನು ಮುಂದೆ ಹೇಳಿದೆ.

ಹಲವು ಬಗೆಯ ಅಡುಗೆ ಮಾಡುವ ವಿದ್ಯುತ್ ಪ್ರೆಶರ್ ಕುಕ್ಕರುಗಳಲ್ಲಿಯೂ ಸ್ಲೋ ಕುಕ್ ಎಂಬ ಗುಂಡಿ ಇರುತ್ತದೆ. ಅವು ತಳದಿಂದ ಮಾತ್ರ ಕಾಯುವುದರಿಂದ ಈ ಲೇಖನದ ಸಮಯ ಅವಕ್ಕೆ ಹೊಂದುವುದಿಲ್ಲ.

ಸಾಮಗ್ರಿ ಮತ್ತು ಹಿಟ್ಟು

ಮೂರೂವರೆ ಲೀಟರಿನ ಕುಕ್ಕರಿಗೆ 400 ಗ್ರಾಂ ಮೈದಾ, 250 ಮಿ.ಲೀ. ನೀರು, ಒಂದೂವರೆ ಚಹಾ ಚಮಚ ಇನ್‌ಸ್ಟಂಟ್ ಯೀಸ್ಟ್, 8 ಗ್ರಾಂ ಉಪ್ಪು, ಒಂದು ದೊಡ್ಡ ಚಮಚ ಸಕ್ಕರೆ ಮತ್ತು ಎರಡು ದೊಡ್ಡ ಚಮಚ ಎಣ್ಣೆ ಬೇಕು. ಎಣ್ಣೆ ತೆಂಗಿನದೇ ಆದರೂ ಅಡ್ಡಿಯಿಲ್ಲ. ಗಾಣದ ಎಣ್ಣೆಯಾದರೆ ಘಮ ಸ್ವಲ್ಪ ಎದ್ದು ಕಾಣುತ್ತದೆ, ಅದು ಇಷ್ಟವಾಗುವವರಿಗೆ ಇಷ್ಟವಾಗುತ್ತದೆ. ಸಕ್ಕರೆಯ ಬದಲು ಅಷ್ಟೇ ಪ್ರಮಾಣದ ಜೋನಿಬೆಲ್ಲ ಹಾಕಿದರೆ ಬಿಳಿಚು ಬ್ರೆಡ್ಡಿಗೆ ಒಳಗಿನಿಂದಲೇ ತೆಳು ಕಂದು ಬಣ್ಣ ಬರುತ್ತದೆ, ಶಿರಸಿ-ಸಿದ್ದಾಪುರದ ಕಡೆಯವರಿಗೆ ಇದು ಸುಲಭದ ದಾರಿ. ಅರ್ಧದಷ್ಟು ಮೈದಾದ ಜಾಗದಲ್ಲಿ ಗೋಧಿಹಿಟ್ಟು ಬಳಸುವವರು ಎರಡು-ಮೂರು ಚಮಚ ನೀರನ್ನು ಹೆಚ್ಚಿಗೆ ಸೇರಿಸಬೇಕು, ಏಕೆಂದರೆ ಗಿರಣಿಯಲ್ಲಿ ಬೀಸಿದ ಹಿಟ್ಟು ಹೆಚ್ಚು ನೀರು ಕುಡಿಯುತ್ತದೆ. ಪೂರ್ತಿ ಗೋಧಿಹಿಟ್ಟಿನ ಬ್ರೆಡ್ ಈ ಪಾತ್ರೆಯಲ್ಲಿ ಗಟ್ಟಿಯೂ ಅಂಟಂಟೂ ಆಗುವುದರಿಂದ ಅದನ್ನು ನಾನು ಶಿಫಾರಸು ಮಾಡುವುದಿಲ್ಲ.

ಒಣ ಪದಾರ್ಥಗಳನ್ನು ಬೆರೆಸಿ, ಉಗುರು ಬೆಚ್ಚಗಿನ ನೀರು ಹಾಕಿ ಕಲಸಿ, ಎಣ್ಣೆಯನ್ನು ಕೊನೆಯಲ್ಲಿ ಸೇರಿಸಿ ಹತ್ತು ನಿಮಿಷ ಚೆನ್ನಾಗಿ ನಾದಬೇಕು. ಏಪ್ರಿಲ್, ಮೇ ತಿಂಗಳಿನಲ್ಲಿ ಕರಾವಳಿಯವರು ನೀರು ಬಿಸಿ ಮಾಡುವ ಅಗತ್ಯವೇ ಇಲ್ಲ, ಕೊಡದ ನೀರೇ ಸಾಕಷ್ಟು ಬೆಚ್ಚಗಿರುತ್ತದೆ. ಮಳೆಗಾಲದಲ್ಲಿ ಇನ್ನೊಂದು ಎಚ್ಚರ ಬೇಕು: ತೆರೆದಿಟ್ಟ ಮೈದಾ ಗಾಳಿಯ ತೇವವನ್ನು ಹೀರಿಕೊಂಡಿರುವುದರಿಂದ ಅಳತೆಯ ನೀರನ್ನೆಲ್ಲ ಒಮ್ಮೆಗೇ ಸುರಿಯದೆ, ಎರಡು ದೊಡ್ಡ ಚಮಚದಷ್ಟನ್ನು ಹಿಂದಿಟ್ಟುಕೊಂಡು, ಹಿಟ್ಟಿನ ಹದ ನೋಡಿ ಸೇರಿಸಬೇಕು. ನಾದಿದ ಹಿಟ್ಟಿನಿಂದ ನಿಂಬೆ ಗಾತ್ರದ ಉಂಡೆ ಕಿತ್ತು ಎರಡೂ ಕೈಯ ಬೆರಳುಗಳಿಂದ ಮೆಲ್ಲಗೆ ಎಳೆದಾಗ ಅದು ಹರಿಯದೆ ಬೆಳಕು ಕಾಣುವಷ್ಟು ತೆಳ್ಳಗಾದರೆ ನಾದುವುದು ಸಾಕಾಗಿದೆ ಎಂದರ್ಥ.

ಎಣ್ಣೆ ಸವರಿದ ಪಾತ್ರೆಯಲ್ಲಿ ಮುಚ್ಚಿಟ್ಟ ಹಿಟ್ಟು ಎರಡರಷ್ಟಾಗಬೇಕು. ಇದಕ್ಕೆ ಗಡಿಯಾರಕ್ಕಿಂತ ಊರನ್ನು ನೋಡುವುದು ಒಳ್ಳೆಯದು. ಕುಮಟೆ, ಅಂಕೋಲೆಯ ಬೇಸಿಗೆಯಲ್ಲಿ ಮುಕ್ಕಾಲು ಗಂಟೆಗೆ ಆಗುವ ಕೆಲಸಕ್ಕೆ, ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವ ಶಿರಸಿಯ ಡಿಸೆಂಬರ್ ಬೆಳಗಿನಲ್ಲಿ ಎರಡು ಗಂಟೆಯೂ ಹಿಡಿಯಬಹುದು. ಬೆರಳನ್ನು ಹಿಟ್ಟಿನಲ್ಲಿ ಅದ್ದಿ ತೆಗೆದರೆ ಆ ಗುಳಿ ತಕ್ಷಣ ಮುಚ್ಚಿಹೋಗಬಾರದು, ಹಾಗೆಂದು ಸುತ್ತಲಿನ ಹಿಟ್ಟು ಕುಸಿಯಲೂಬಾರದು. ಆ ನಡುವಿನ ಹದವೇ ಬೇಕಾದದ್ದು.

ಕುಕ್ಕರಿಗೆ ಇಳಿಸುವುದು

ಓವನ್ನಿನ ಬ್ರೆಡ್ಡಿಗೆ ಹಿಟ್ಟನ್ನು ಉಂಡೆ ಕಟ್ಟಿದ ಮೇಲೆ ಎರಡನೆಯ ಬಾರಿ ಹುದುಗಲು ಬಿಡುವುದು ನಿಯಮ. ಇಲ್ಲಿ ಅದನ್ನು ಬಿಟ್ಟುಬಿಡಬೇಕು. ಕುಕ್ಕರ್ ತಣ್ಣಗಿನಿಂದ ಶುರುವಾಗಿ ನಿಧಾನವಾಗಿ ಕಾಯುವುದರಿಂದ, ಮೊದಲ ಅರ್ಧ ಗಂಟೆಯ ಹಿತವಾದ ಬಿಸಿಯಲ್ಲಿ ಎರಡನೆಯ ಹುದುಗು ಪಾತ್ರೆಯೊಳಗೇ ನಡೆಯುತ್ತದೆ; ಸುಮಾರು 55-60 ಡಿಗ್ರಿಯ ಹೊತ್ತಿಗೆ ಯೀಸ್ಟ್ ಸತ್ತು ಉಬ್ಬುವುದು ನಿಲ್ಲುತ್ತದೆ. ಹೊರಗೂ ಒಮ್ಮೆ ಹುದುಗಿಸಿ ಒಳಗೂ ಹುದುಗಲು ಬಿಟ್ಟವರ ಬ್ರೆಡ್ಡಿನ ನಡುಭಾಗ ತಗ್ಗಾಗುತ್ತದೆ. ಖಾಲಿ ಪಾತ್ರೆಯನ್ನು ಮುಂಚಿತವಾಗಿ ಕಾಯಿಸಲೂಬಾರದು, ಪಿಂಗಾಣಿ ಬಿರುಕು ಬಿಡುವ ಭಯವಿದೆ.

ಹಿಟ್ಟನ್ನು ಮೆಲ್ಲಗೆ ಒತ್ತಿ ಗಾಳಿ ಬಿಡಿಸಿ, ಅಂಚುಗಳನ್ನು ಅಡಿಗೆ ಮಡಚಿಕೊಳ್ಳುತ್ತ ಬಿಗಿಯಾದ ಗುಂಡು ಮಾಡಿಕೊಳ್ಳಿ. ಪಾತ್ರೆಯ ತಳಕ್ಕೆ ಬಟರ್ ಪೇಪರ್ ಹಾಸುವುದು ರೂಢಿ. ಬಾಳೆ ಎಲೆ ಇದ್ದವರು ಅದಕ್ಕಾಗಿ ಅಂಗಡಿಗೆ ಹೋಗಬೇಕಿಲ್ಲ: ಎಲೆಯನ್ನು ಉರಿಯ ಮೇಲೆ ಆಡಿಸಿ ಬಾಡಿಸಿ, ದಿಂಡನ್ನು ತೆಗೆದು, ಎರಡು ತುಂಡನ್ನು ಅಡ್ಡಡ್ಡವಾಗಿ ಹಾಸಿ, ಅಂಚುಗಳು ಪಾತ್ರೆಯ ಬದಿಯನ್ನು ಏರಿ ನಿಲ್ಲುವಂತೆ ಇಟ್ಟರೆ ಬ್ರೆಡ್ಡನ್ನು ಎತ್ತಿ ತೆಗೆಯಲು ಹಿಡಿಕೆಯೂ ಆಯಿತು, ಅಡಿಯಲ್ಲಿ ಎಲೆಯ ಪರಿಮಳವೂ ಉಳಿಯಿತು. ಎಲೆಯ ಹೊಳೆಯುವ ಬದಿಗೆ ತುಸು ಎಣ್ಣೆ ಸವರಲು ಮರೆಯಬಾರದು.

ಮುಚ್ಚಳದ ನೀರು

ಈ ಇಡೀ ವಿಧಾನದಲ್ಲಿ ಕೆಲಸ ಕೆಡುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ಹಿಟ್ಟಿನಿಂದ ಏಳುವ ಹಬೆ ಗಾಜಿನ ಮುಚ್ಚಳಕ್ಕೆ ತಾಗಿ ತಣಿದು ಹನಿಯಾಗುತ್ತದೆ, ಹನಿಗಳು ಕೂಡಿಕೊಂಡು ಬ್ರೆಡ್ಡಿನ ನೆತ್ತಿಯ ಮೇಲೆ ಉದುರುತ್ತವೆ, ಅಲ್ಲೆಲ್ಲ ಗೋಂದಿನಂತಹ ತೇಪೆಗಳಾಗುತ್ತವೆ. ಸಾರು ಬೇಯಿಸುವಾಗ ಉಪಕಾರಿಯಾದ ಈ ಗುಣವೇ ಬ್ರೆಡ್ಡಿಗೆ ಶತ್ರು. ಆದುದರಿಂದ ಹಳೆಯ, ಶುಭ್ರವಾದ ಹತ್ತಿ ಪಂಚೆಯ ತುಂಡೊಂದನ್ನು ಎರಡು ಮಡಿಕೆ ಮಾಡಿ ಪಾತ್ರೆಯ ಬಾಯಿಗೆ ಬಿಗಿಯಾಗಿ ಎಳೆದು ಹಾಸಿ, ಅದರ ಮೇಲೆ ಮುಚ್ಚಳವಿಟ್ಟು, ಬಟ್ಟೆಯ ನಾಲ್ಕೂ ತುದಿಗಳನ್ನು ಮೇಲಕ್ಕೆತ್ತಿ ಮುಚ್ಚಳದ ಹಿಡಿಕೆಗೆ ಕಟ್ಟಬೇಕು. ತುದಿಗಳು ಕುಕ್ಕರಿನ ಬಿಸಿ ಮೈಗೆ ಜೋತುಬೀಳದಂತೆ ನೋಡಿಕೊಳ್ಳುವುದು ಸುರಕ್ಷೆಯ ವಿಷಯ. ನೈಲಾನ್, ಪಾಲಿಯೆಸ್ಟರ್ ಬೆರೆತ ಬಟ್ಟೆ ಸರ್ವಥಾ ಬೇಡ. ಬಟ್ಟೆ ಸಡಿಲವಾಗಿ ನಡುವೆ ಜೋಲಿದರೆ ಉಬ್ಬಿದ ಹಿಟ್ಟು ಅದಕ್ಕೆ ಅಂಟಿಕೊಳ್ಳುತ್ತದೆ, ಅದನ್ನು ಬಿಡಿಸುವಷ್ಟರಲ್ಲಿ ಮೇಲ್ಪದರ ಕಿತ್ತುಬರುತ್ತದೆ.

ಹೈಗೆ ತಿರುಗಿಸಿದ ಮೇಲೆ ಮೊದಲ ಒಂದು ಗಂಟೆ ಮುಚ್ಚಳ ತೆಗೆಯಕೂಡದು. ಗಂಟೆಯಾದ ಮೇಲೆ ಬಟ್ಟೆ ನೆನೆದು ತೊಯ್ದಿದ್ದರೆ ಬೇಗನೆ ಬೇರೊಂದನ್ನು ಹಾಕಿ ಮುಚ್ಚಬಹುದು. ಒಂದು ಮುಕ್ಕಾಲು ಗಂಟೆಯಿಂದ ಎರಡೂ ಕಾಲು ಗಂಟೆಯ ಒಳಗೆ ಬ್ರೆಡ್ ಬೇಯುತ್ತದೆ. ನೆತ್ತಿಯನ್ನು ಮುಟ್ಟಿದರೆ ಬೆರಳಿಗೆ ಅಂಟಬಾರದು, ಒತ್ತಿದರೆ ಮೇಲೇಳಬೇಕು. ಇಡ್ಲಿಗೆ ಮಾಡುವಂತೆ ಕಡ್ಡಿ ಚುಚ್ಚಿ ನೋಡುವುದನ್ನು ಪೂರ್ತಿ ನಂಬಲಾಗದು. ಅಡುಗೆಯ ಥರ್ಮಾಮೀಟರ್ ಇದ್ದರೆ ನಡುಭಾಗಕ್ಕೆ ಚುಚ್ಚಿ 93 ಡಿಗ್ರಿ ಆಯಿತೇ ಎಂದು ನೋಡಿಬಿಡುವುದು ನಿಶ್ಚಿಂತೆ.

ನೆತ್ತಿಗೆ ಬಣ್ಣ

ಕರಾವಳಿಯ ಕೊಂಕಣಿ ಮನೆಗಳಲ್ಲಿ ಸೌತೆಕಾಯಿಯ ಧೊಂಡಸ್ ಎಂಬ ಕೇಕಿನಂತಹ ಸಿಹಿತಿಂಡಿ ಮಾಡುವ ಹಳೆಯ ಕ್ರಮದಲ್ಲಿ ಪಾತ್ರೆಯ ಅಡಿಗೆ ಕೆಂಡ, ಮುಚ್ಚಳದ ಮೇಲೂ ಕೆಂಡ. ಮೇಲಿನ ಬಿಸಿಯಿಲ್ಲದೆ ಮೇಲ್ಮೈ ಕೆಂಪಗಾಗದೆಂಬುದನ್ನು ಆ ಹೆಂಗಸರು ಚೆನ್ನಾಗಿ ಬಲ್ಲವರಾಗಿದ್ದರು. ಗಾಜಿನ ಮುಚ್ಚಳದ ಮೇಲೆ ಕೆಂಡ ಹಾಕುವಂತಿಲ್ಲ, ಪಿಂಗಾಣಿ ಪಾತ್ರೆಯನ್ನು ಗ್ಯಾಸ್ ಒಲೆಯ ಮೇಲೆ ಇಡುವಂತೆಯೂ ಇಲ್ಲ. ಹಾಗಾಗಿ ಬೆಂದ ಬ್ರೆಡ್ಡನ್ನು ಹೊರತೆಗೆದು, ಕಬ್ಬಿಣದ ಕಾವಲಿಗೆ ತುಪ್ಪ ಸವರಿ, ಮಧ್ಯಮ ಉರಿಯಲ್ಲಿ ಅದನ್ನು ತಲೆಕೆಳಗಾಗಿ ಇಟ್ಟು ಮೂರು-ನಾಲ್ಕು ನಿಮಿಷ ಆಗಾಗ ತಿರುಗಿಸುತ್ತಿದ್ದರೆ ನೆತ್ತಿಗೂ ಬಣ್ಣ ಬರುತ್ತದೆ, ತೇವವೂ ಆರುತ್ತದೆ. ಹೆಚ್ಚು ಉಬ್ಬಿದ ಗುಂಡಾದರೆ ಕಾವಲಿಗೆ ತಾಗುವುದು ನಡುಭಾಗ ಮಾತ್ರ. ಕಾವಲಿಯ ಮೇಲೆ ಹಾಗೂ ಹೀಗೂ ಹೊರಳಿಸಬೇಕಾಗುತ್ತದೆ.

ನಂತರ ಜಾಲರಿಯ ಮೇಲೆ ಒಂದು ಗಂಟೆಯಾದರೂ ಆರಲು ಬಿಡಬೇಕು. ಬಿಸಿಯಿದ್ದಾಗ ಕೊಯ್ದರೆ ಒಳಗು ಇನ್ನೂ ಹಸಿಯಿದೆಯೆಂಬಂತೆ ಚಾಕುವಿಗೆ ಮೆತ್ತಿಕೊಳ್ಳುತ್ತದೆ, ಹಬೆಯ ಬ್ರೆಡ್ಡಿನಲ್ಲಿ ಇದು ಇನ್ನೂ ಹೆಚ್ಚು.

ವಿದ್ಯುತ್ ಹೋದರೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಜಿಲ್ಲೆಯಲ್ಲಿ ಎರಡು ಗಂಟೆ ಸತತ ವಿದ್ಯುತ್ ಇರುತ್ತದೆಂದು ನಂಬಿ ಕೂರುವುದು ಧೈರ್ಯದ ಕೆಲಸ. ತಿರುಗುಗುಂಡಿಯ ಕುಕ್ಕರ್ ವಿದ್ಯುತ್ ಮರಳಿದಾಗ ತಾನಾಗಿ ಮುಂದುವರಿಯುತ್ತದೆ. ಅಂಕಿ ತೋರಿಸುವ ಡಿಜಿಟಲ್ ಮಾದರಿಗಳಲ್ಲಿ ಹಲವು ಹಾಗೆ ಮಾಡದೆ ಸುಮ್ಮನಾಗುತ್ತವೆ, ಅವನ್ನು ಮತ್ತೆ ಚಾಲೂ ಮಾಡಬೇಕು. ಹತ್ತು-ಹದಿನೈದು ನಿಮಿಷದ ಕಡಿತವಾದರೆ ಮುಚ್ಚಳ ತೆಗೆಯದೆ ಕಾದರೆ ಸಾಕು, ದಪ್ಪ ಪಿಂಗಾಣಿ ಬಿಸಿಯನ್ನು ಹಿಡಿದಿಟ್ಟುಕೊಂಡಿರುತ್ತದೆ. ಇನ್ನೂ ಶುರುವಿನಲ್ಲೇ ಇದ್ದು, ಬೇಗ ಬರುವ ಲಕ್ಷಣವಿಲ್ಲದಿದ್ದರೆ ಹಿಟ್ಟನ್ನು ತೆಗೆದು ಗಾಳಿ ಬಿಡಿಸಿ ಫ್ರಿಜ್ಜಿನಲ್ಲಿಡಬೇಕು. ಅರ್ಧ ಬೆಂದ ಮೇಲೆ ಹೋದರೆ ಎಲೆಯ ಸಮೇತ ಎತ್ತಿ ಗ್ಯಾಸಿನ ಮೇಲೆ ಇಡ್ಲಿ ಪಾತ್ರೆಯ ಹಬೆಯಲ್ಲಿ ಬೇಯಿಸಿ ಮುಗಿಸಬಹುದು. ರುಚಿಯಲ್ಲಿ ಹೆಚ್ಚೇನೂ ಅಂತರವಾಗುವುದಿಲ್ಲ.

ಎಷ್ಟು ದಿನ ಇಡಬಹುದು

ಬೇಕರಿ ಬ್ರೆಡ್ಡಿಗೆ ಸಾಮಾನ್ಯವಾಗಿ ಕ್ಯಾಲ್ಸಿಯಂ ಪ್ರೊಪಿಯೊನೇಟ್ ಮೊದಲಾದ ಸಂರಕ್ಷಕಗಳನ್ನು ಸೇರಿಸಿರುತ್ತಾರೆ. ಮನೆಯ ಬ್ರೆಡ್ಡಿಗೆ ಆ ರಕ್ಷಣೆಯಿಲ್ಲ, ಅದೂ ಅಲ್ಲದೆ ಇದರಲ್ಲಿ ತೇವಾಂಶ ಹೆಚ್ಚು. ಸೆಖೆ ಮತ್ತು ತೇವ ಕೂಡಿದ ಕರಾವಳಿಯ ಹವೆಯಲ್ಲಿ ಬೂಸುರಿಗಿಂತ ಮೊದಲು ಬರುವ ಇನ್ನೊಂದು ಕೇಡನ್ನು ತಿಳಿದಿರುವುದು ಒಳ್ಳೆಯದು. ಹಿಟ್ಟಿನಲ್ಲಿ ಸಹಜವಾಗಿ ಇರುವ ಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾದ ಬೀಜಕಣಗಳು ಬ್ರೆಡ್ ಬೇಯುವ ಬಿಸಿಯಲ್ಲೂ ಬದುಕಿ ಉಳಿಯುತ್ತವೆ. ಒಂದೆರಡು ದಿನದಲ್ಲಿ ಅವು ಬೆಳೆದು, ಬ್ರೆಡ್ಡಿಗೆ ಅತಿ ಹಣ್ಣಾದ ಹಣ್ಣಿನ ವಾಸನೆ ಬಂದು, ಮುರಿದಾಗ ನಡುವೆ ಅಂಟಿನ ನೂಲಿನಂತಹ ಎಳೆಗಳು ಕಾಣುತ್ತವೆ. ಹಾಗಾದದ್ದನ್ನು ಕೆಟ್ಟ ಭಾಗ ಕೊಯ್ದು ತಿನ್ನುವ ಪ್ರಶ್ನೆಯೇ ಇಲ್ಲ, ಪೂರ್ತಿ ಎಸೆಯಬೇಕು. ಈ ಬ್ಯಾಕ್ಟೀರಿಯಾಕ್ಕೆ ಹುಳಿ ಆಗುವುದಿಲ್ಲ. ಅದಕ್ಕಾಗಿ ಅಳತೆಯ ನೀರಿನಲ್ಲಿ ಕಾಲು ಭಾಗದ ಬದಲು ಹುಳಿ ಮಜ್ಜಿಗೆಯನ್ನೋ, ಇಲ್ಲವೇ ಒಂದು ಚಹಾ ಚಮಚ ವಿನೆಗರನ್ನೋ ಬಳಸುವುದು ಉಪಯುಕ್ತ.

ಬ್ರೆಡ್ಡನ್ನು ಫ್ರಿಜ್ಜಿನಲ್ಲಿಟ್ಟರೆ ಅದು ಕೆಡುವುದು ತಡವಾಗುತ್ತದೆ ನಿಜ, ಆದರೆ ಆ ತಂಪಿನಲ್ಲಿ ಪಿಷ್ಟ ಬೇಗ ಬಿಗಿದುಕೊಳ್ಳುವುದರಿಂದ ಹೊರಗಿಟ್ಟದ್ದಕ್ಕಿಂತ ಬೇಗ ಗಟ್ಟಿಯಾಗುತ್ತದೆ. ಮಾಡಿದ ದಿನ ಮತ್ತು ಮರುದಿನಕ್ಕೆ ಬೇಕಾದಷ್ಟನ್ನು ಬಟ್ಟೆಯಲ್ಲಿ ಸುತ್ತಿ ಹೊರಗಿಟ್ಟು, ಉಳಿದದ್ದನ್ನು ಹೋಳು ಮಾಡಿ, ಗಾಳಿಯಾಡದ ಚೀಲದಲ್ಲಿ ಹಾಕಿ ಫ್ರೀಜರಿನಲ್ಲಿ ಇಡುವುದು ಸರಿಯಾದ ಕ್ರಮ. ಫ್ರೀಜರಿನ ಹೋಳನ್ನು ಕರಗಲು ಬಿಡದೆ ನೇರವಾಗಿ ಬಿಸಿ ಕಾವಲಿಗೆ ಹಾಕಿ ಎರಡೂ ಬದಿ ಕಾಯಿಸಿದರೆ ಬಟಾಣಿ ಭಾಜಿಗೂ ಆದೀತು, ಬೆಣ್ಣೆ-ಜೋನಿಬೆಲ್ಲಕ್ಕೂ ಆದೀತು.