ಬೆಳಿಗ್ಗೆ ನೀರು, ಮಧ್ಯಾಹ್ನ ಕಲ್ಲು: ಕುಂಡಲಿಕಾದಲ್ಲಿ ನಾನು ಕಯಾಕ್ ಕಲಿತದ್ದು

ಪುಣೆಯ ನಮ್ಮ ಕನ್ನಡದವರಿಗೆ ರಾಫ್ಟಿಂಗ್, ಕಯಾಕಿಂಗ್ ಅಂದರೆ ದಾಂಡೇಲಿಯೇ ನೆನಪಾಗುತ್ತದೆ. ನಾನು ಕಲಿತದ್ದು ಇಲ್ಲೇ, ಮಹಾರಾಷ್ಟ್ರದ ಕೋಲಾಡ್ ಹತ್ತಿರದ ಕುಂಡಲಿಕಾ ನದಿಯಲ್ಲಿ. ಮಳೆ ನಿಂತ ಮೇಲೆ ಸಹ್ಯಾದ್ರಿಯ ಹೊಳೆಗಳು ಸೊರಗುತ್ತವೆ. ಈ ನದಿ ಮಾತ್ರ ಬೇಸಿಗೆಯಲ್ಲೂ ರಭಸವಾಗಿ ಹರಿಯುತ್ತದೆ. ಕಾರಣ ಘಟ್ಟದ ಮೇಲಿನ ಒಂದು ಅಣೆಕಟ್ಟು.

ತಾಮ್ಹಿಣಿ ಘಾಟ್ ಕಡೆ ಹೋಗುವಾಗ ಮುಳಶಿ ಹಿನ್ನೀರು ಸಿಗುತ್ತದೆ, ಅಲ್ವಾ? ಮುಳಾ ನದಿಗೆ ಅಲ್ಲಿ ಅಣೆಕಟ್ಟು ಕಟ್ಟಿದ್ದಾರೆ. ಆ ನೀರನ್ನು ಸುಮಾರು 500 ಮೀಟರ್ ಕೆಳಗಿನ ಭಿರಾಕ್ಕೆ ಇಳಿಸಿ 1927ರಿಂದ ಕರೆಂಟ್ ತಯಾರಿಸುತ್ತಿದ್ದಾರೆ. ಅಣೆಕಟ್ಟು ಕಟ್ಟುವಾಗ, 1921ರಲ್ಲಿ, ಭೂಮಿ ಕಳೆದುಕೊಳ್ಳಲಿದ್ದ ರೈತರು ಸ್ವಾತಂತ್ರ್ಯ ಹೋರಾಟಗಾರ ಸೇನಾಪತಿ ಬಾಪಟರ ಜೊತೆ ಸತ್ಯಾಗ್ರಹ ಮಾಡಿದ್ದರು. ಇಲ್ಲಿ ನೀರಿಗಿಳಿಯುವವರಿಗೆ ಅದೂ ಗೊತ್ತಿರಬೇಕು. ನನ್ನ ಜೊತೆ ಬರುವ ಗೆಳೆಯ ಇಂಡಿ ತಾಲ್ಲೂಕಿನವನು, ಭೀಮಾ ದಂಡೆಯವನು. ಮುಳಶಿ ದಾಟುವಾಗಲೆಲ್ಲ "ಇದು ನಮ್ಮೂರಿಗೆ ಬರಬೇಕಾಗಿದ್ದ ನೀರು ದೋಸ್ತ" ಅನ್ನುತ್ತಾನೆ. ನಿಜವೇ. ಮುಳಾ ನೀರು ಭೀಮೆಗೆ ಸೇರಿ ಕೃಷ್ಣೆಗೆ ಹೋಗಬೇಕು. ಭಿರಾಕ್ಕೆ ಇಳಿದದ್ದು ಕುಂಡಲಿಕಾ ಹಿಡಿದು ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ.

ನದಿಗೆ ನೀರು ಬಿಡುವುದು ಹೆಚ್ಚಾಗಿ ಬೆಳಿಗ್ಗೆ. ಆ ಹೊತ್ತಿಗೆ ದೋಣಿಗಳೆಲ್ಲ ಇಳಿಯುತ್ತವೆ. ಮಧ್ಯಾಹ್ನದ ಮೇಲೆ ನೀರು ಇಳಿದು ಕಲ್ಲು ಕಾಣಿಸತೊಡಗಿದರೆ ಜಾಸ್ತಿ ಜನ ಊಟ ಮುಗಿಸಿ ಹೊರಡುತ್ತಾರೆ. ನಾನು ದಂಡೆಯಲ್ಲಿ ಕೂತುಬಿಡುತ್ತೇನೆ. ಬೆಳಿಗ್ಗೆ ನೊರೆ ಎದ್ದ ಜಾಗದಲ್ಲಿ ಎಂಥ ಬಂಡೆ ಇತ್ತು, ನೀರು ಎಲ್ಲಿ ಇಕ್ಕಟ್ಟಾಗಿ ನುಗ್ಗಿತು, ಎಲ್ಲ ಕಣ್ಣೆದುರೇ ಇರುತ್ತದೆ. ಬೇರೆ ನದಿಯಲ್ಲಿ ಇಷ್ಟು ಸಲೀಸಾಗಿ ಇದು ಸಿಗುವುದಿಲ್ಲ. ಆದರೆ ನೀರು ಯಾವಾಗ ಬಿಡುತ್ತಾರೆಂದು ಊರವರನ್ನು ಕೇಳದೆ ನದಿಯ ಒಳಗೆ ಇಳಿಯಲೇಬೇಡಿ.

ಹೀಗೆ ನೋಡಿ ನೋಡಿಯೇ ನನಗೆ ಎಡ್ಡಿ ಅರ್ಥವಾಯಿತು. ದೊಡ್ಡ ಬಂಡೆಯ ಹಿಂದೆ ನೀರು ತಿರುಗಿ ಬಂಡೆಯ ಕಡೆಗೇ ಹರಿಯುತ್ತದೆ. ಅಲ್ಲಿ ಕಯಾಕ್ ನಿಲ್ಲಿಸಿ ಉಸಿರು ತಗೊಳ್ಳಬಹುದು. ಕಷ್ಟ ಇರುವುದು ಅಲ್ಲಿಂದ ಹೊರಡುವಾಗ. ಕಯಾಕ್ ಮೂತಿ ಮುಖ್ಯ ಹರಿವಿಗೆ ತಾಗಿದ ಕೂಡಲೇ ನೀರು ಅದನ್ನು ಹರಿವು ಹೋಗುವ ದಿಕ್ಕಿಗೆ ಎಳೆಯುತ್ತದೆ. ಆ ಕ್ಷಣ ಹರಿವು ಬರುವ ಕಡೆಯ ಅಂಚನ್ನು ಮಂಡಿಯಿಂದ ಎತ್ತಿ, ಮೈಯನ್ನು ಹರಿವು ಹೋಗುವ ಕಡೆ ವಾಲಿಸಬೇಕು. ಹೆದರಿಕೆಗೆ ಮೈ ಉಲ್ಟಾ ವಾಲುತ್ತದೆ. ಆಗ ನೀರು ಅಂಚಿನ ಮೇಲೆ ಹತ್ತಿ ಕಯಾಕ್ ಮಗುಚುತ್ತದೆ. ಬರೀ ಇದೊಂದನ್ನೇ, ಒಂದೇ ಬಂಡೆಯ ಹಿಂದೆ, ಬೆಳಗಿನಿಂದ ನೀರು ಇಳಿಯುವವರೆಗೂ ಮಾಡಿದ್ದೇನೆ. ಉಳಿದದ್ದಕ್ಕಿಂತ ಇದೇ ಮುಖ್ಯ ಅಂತ ನನ್ನ ಅಭಿಪ್ರಾಯ.

ರೋಲ್, ಅಂದರೆ ಮಗುಚಿದ ಕಯಾಕನ್ನು ಒಳಗೆ ಕೂತೇ ಮತ್ತೆ ನೇರ ಮಾಡುವುದು, ಕಲಿಯಲು ನಿಂತ ನೀರೇ ಸಾಕು. ಸೊಂಟ ಮೊದಲು, ತಲೆ ಕೊನೆಗೆ.

ಹೊರಡುವ ಮುಂಚೆ ಒಂದು ಕೆಲಸ ನಾನು ಎಂದೂ ಬಿಡುವುದಿಲ್ಲ. ಒಳಗೆ ನೀರು ಬರದಂತೆ ಸೊಂಟಕ್ಕೆ ಕಟ್ಟುವ ಸ್ಕರ್ಟನ್ನು ಕಯಾಕ್ ಬಾಯಿಗೆ ಹಾಕಿದ ಮೇಲೆ, ಅದರ ಮುಂದಿನ ಪಟ್ಟಿ ಹೊರಗಿದೆಯಾ ಅಂತ ಕೈಯಿಂದ ಮುಟ್ಟಿ ನೋಡುತ್ತೇನೆ. ಮಗುಚಿದಾಗ ಅದನ್ನು ಎಳೆದರೇನೇ ಹೊರಗೆ ಬರಲು ದಾರಿ. ನೀರಿಗೆ ಬಿದ್ದರೆ ಅಂಗಾತ ತೇಲಿ, ಪಾದ ಮುಂದಿರಲಿ. ರಭಸದಲ್ಲಿ ಎದ್ದು ನಿಲ್ಲಲು ಹೋಗಬೇಡಿ, ಕಾಲು ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ.