ಮುದ್ದೆ ನುಂಗುವ ಗಂಟಲು ಅಗಿಯಲು ಕಲಿತದ್ದು: ಸ್ಲೀವ್ ಸರ್ಜರಿ ನಂತರದ ಊಟ, ನೀರು, ಮೈ

ಹಳೇ ಮೈಸೂರು ಕಡೆ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ಸಾರಿನಲ್ಲಿ ಹೊರಳಿಸಿ ನುಂಗುತ್ತೇವೆ. ಅನ್ನವನ್ನು ಒಣದಾಗಿ ತಿನ್ನುವುದಿಲ್ಲ, ಸಾರು ಸುರಿದು ಕಲಸಿ ಉಣ್ಣುತ್ತೇವೆ. ತೂಕ ಇಳಿಸಲು ಜಠರವನ್ನು ಕಿರಿದು ಮಾಡುವ ಸ್ಲೀವ್ ಸರ್ಜರಿ ಆದಮೇಲೆ ಬಿಡಬೇಕಾದ ಅಭ್ಯಾಸಗಳು ಇವೇ ಎರಡು. ಆಸ್ಪತ್ರೆಯಿಂದ ಕೊಟ್ಟು ಕಳಿಸುವ ಡಯಟ್ ಚೀಟಿಯಲ್ಲಿ ಓಟ್ಸ್, ಸೂಪ್, ಗ್ರಿಲ್ಡ್ ಚಿಕನ್ ಎಲ್ಲ ಇತ್ತು. ಮುದ್ದೆ, ಬಸ್ಸಾರಿನ ಮಾತೇ ಇರಲಿಲ್ಲ. ಹಾಗಾಗಿ ಮನೆಯ ಪದಾರ್ಥಗಳಲ್ಲೇ ಮೊದಲ ವರ್ಷ ನಿಭಾಯಿಸಿದ ಬಗೆಯನ್ನು ಅಳತೆ ಸಮೇತ ಬರೆಯುತ್ತಿದ್ದೇನೆ. ನನ್ನದು ಸ್ಲೀವ್; ಬೈಪಾಸ್ (ಹೃದಯದ್ದಲ್ಲ, ಜಠರವನ್ನು ಸಣ್ಣದು ಮಾಡಿ ಕರುಳಿಗೆ ಜೋಡಿಸುವ, ತೂಕ ಇಳಿಸುವ ಇನ್ನೊಂದು ಸರ್ಜರಿ) ಆದವರಿಗೆ ವ್ಯತ್ಯಾಸ ಇರುವ ಕಡೆ ಹೇಳುತ್ತೇನೆ. ನಿಮ್ಮ ಸರ್ಜನ್ ಹೇಳಿದ ದಿನಗಳ ಲೆಕ್ಕ ಬೇರೆ ಇದ್ದರೆ ಅವರದ್ದೇ ಸರಿ.

ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಪಾಲಿಗೂ ಹೆಚ್ಚು ಭಾಗವನ್ನು ಉದ್ದಕ್ಕೆ ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ, 100ರಿಂದ 150 ಮಿ.ಲೀ. ಹಿಡಿಯುವಷ್ಟು. ಹೋಟೆಲಿನ ಕಾಫಿ ಲೋಟ ನೆನಪಿಸಿಕೊಂಡರೆ ಸಾಕು. ಮೊದಲ ವಾರಗಳಲ್ಲಿ ಹೊಲಿಗೆಯ ಬಾವು ಇರುವುದರಿಂದ ಅಷ್ಟೂ ಹಿಡಿಯುವುದಿಲ್ಲ. ಹಸಿವಿನ ಹಾರ್ಮೋನು ಗ್ರೆಲಿನ್ ಹೆಚ್ಚಾಗಿ ತಯಾರಾಗುವುದು ಜಠರದ ಮೇಲಿನ ಉಬ್ಬಿನಲ್ಲಿ, ಆ ಉಬ್ಬು ಕತ್ತರಿಸಿದ ಭಾಗದ ಜೊತೆ ಹೋಗಿಬಿಡುತ್ತದೆ. ಆದ್ದರಿಂದ ಮೊದಲ ತಿಂಗಳುಗಳಲ್ಲಿ ಹಸಿವೇ ಗೊತ್ತಾಗುವುದಿಲ್ಲ. ಕೇಳಲು ಸುಖವಾಗಿದೆ, ಆದರೆ ಎಡವುವುದು ಇಲ್ಲೇ: ಹಸಿವು ಕರೆಯದಿದ್ದರೆ ಊಟ, ನೀರು ಎರಡೂ ಮರೆತುಹೋಗುತ್ತವೆ. ಮೊದಲ ಮೂರು ತಿಂಗಳು ನಾನು ಉಂಡದ್ದು ಹೊಟ್ಟೆ ಕೇಳಿ ಅಲ್ಲ, ಫೋನಿನ ಅಲಾರಂ ಕೇಳಿ.

ನೀರೇ ಮೊದಲ ಕೆಲಸ. ಬೇಕಾದ್ದು ದಿನಕ್ಕೆ ಒಂದೂವರೆ ಲೀಟರ್, ಆದರೆ ಲೋಟ ಎತ್ತಿ ಗಟಗಟ ಕುಡಿಯುವಂತಿಲ್ಲ. ಎದ್ದಿರುವುದು 16 ಗಂಟೆ. ಊಟ ಮತ್ತು ಅದರ ಹಿಂದುಮುಂದಿನ ಹೊತ್ತಿಗೆ 4 ಗಂಟೆ ಕಳೆದರೆ 12 ಗಂಟೆ ಉಳಿಯಿತು. ಕಾಲು ಗಂಟೆಗೆ 30 ಮಿ.ಲೀ. ಅಂದರೆ 48 ಸಲ, ಒಟ್ಟು 1,440 ಮಿ.ಲೀ. ಕೆಮ್ಮಿನ ಸಿರಪ್ ಜೊತೆ ಬರುವ 10 ಮಿ.ಲೀ. ಗೆರೆಯ ಅಳತೆ ಮುಚ್ಚಳದಲ್ಲಿ ಮೂರು ಸಲ. ಒಂದು ವಾರ ಹೀಗೆ ಅಳೆದು ಕುಡಿದರೆ ಆಮೇಲೆ ಗುಟುಕಿನ ಗಾತ್ರ ಬಾಯಿಗೇ ಗೊತ್ತಾಗುತ್ತದೆ. ತಣ್ಣೀರು ಎದೆಯಲ್ಲಿ ಹಿಡಿದಂತಾದರೆ ಉಗುರುಬೆಚ್ಚಗೆ ಮಾಡಿಕೊಳ್ಳಿ. ಸೋಡಾ, ಕೋಲಾ ಬೇಡ. ಗ್ಯಾಸ್ ಹೋಗಲು ಒಳಗೆ ಜಾಗವಿಲ್ಲ. ನೀರು ಕಡಿಮೆಯಾದದ್ದಕ್ಕೆ ಗುರುತು: ಮೂತ್ರ ಕಡು ಹಳದಿ, ಏಳುವಾಗ ತಲೆ ಸುತ್ತು, ವಾಕರಿಕೆ. ಈ ವಾಕರಿಕೆಯನ್ನು ಊಟ ಒಗ್ಗಲಿಲ್ಲ ಎಂದುಕೊಂಡು ನೀರನ್ನೂ ಬಿಟ್ಟವರೇ ಮತ್ತೆ ಡ್ರಿಪ್ ಹಾಕಿಸಿಕೊಳ್ಳಲು ಹೋಗುವುದು.

ಮೊದಲ ಎರಡು ದಿನ ತಿಳಿ ದ್ರವ: ನೀರು, ಸೋಸಿದ ಎಳನೀರು, ಬಟ್ಟೆಯಲ್ಲಿ ಸೋಸಿದ ಬೇಳೆ ಕಟ್ಟು. ಅಲ್ಲಿಂದ 14ನೇ ದಿನದವರೆಗೆ ಕೆನೆ ತೆಗೆದ ಹಾಲು, ಮಜ್ಜಿಗೆ, ಪ್ರೋಟೀನ್ ಪುಡಿ. ಮನೆಯವರು ಪ್ರೀತಿಯಿಂದ ಹುರುಳಿಕಟ್ಟು ಮಾಡಿಕೊಟ್ಟು ಶಕ್ತಿ ಬರುತ್ತೆ ಅನ್ನುತ್ತಾರೆ. ರುಚಿಗೆ ಕುಡಿಯಿರಿ, ಪ್ರೋಟೀನ್ ಲೆಕ್ಕಕ್ಕೆ ಸೇರಿಸಬೇಡಿ. ಕಾಳು ಪಾತ್ರೆಯಲ್ಲೇ ಉಳಿದಿದೆ.

ಮೂರನೇ, ನಾಲ್ಕನೇ ವಾರ ನುಣ್ಣಗೆ ರುಬ್ಬಿದ ಊಟ. ನನ್ನ ಅಳತೆ: 30 ಗ್ರಾಂ ಹೆಸರುಬೇಳೆ, ಚಿಟಿಕೆ ಅರಿಶಿನ, ಜೀರಿಗೆ ಪುಡಿ, ಉಪ್ಪು, ಕುಕ್ಕರಿನಲ್ಲಿ 4 ವಿಸಿಲ್. ಮಿಕ್ಸಿಗೆ ಹಾಕಿ ಜರಡಿಯಲ್ಲಿ ಒತ್ತಿ ಸೋಸುವುದು. ಸಾಸಿವೆ, ಕರಿಬೇವು, ಒಣಮೆಣಸಿನಕಾಯಿ ಒಗ್ಗರಣೆ ಇಲ್ಲ. ಮೆಣಸಿನಕಾಯಿ, ಟೊಮೆಟೊ ಸಿಪ್ಪೆ ಎಷ್ಟು ರುಬ್ಬಿದರೂ ಚೂರು ಉಳಿಯುತ್ತದೆ. ಹದ ನೋಡಲು ಚಮಚ ಓರೆ ಮಾಡಿ: ನಿಧಾನಕ್ಕೆ ಜಾರಬೇಕು, ಸುರಿಯಬಾರದು. ಇದರಲ್ಲಿ 7 ಗ್ರಾಂ ಪ್ರೋಟೀನ್ ಸಿಗುತ್ತದೆ. ರುಚಿಯಿಲ್ಲದ ವೇ ಪುಡಿ (ಹಾಲಿನಿಂದ ತೆಗೆದ ಪ್ರೋಟೀನ್) ಸೇರಿಸುವುದಾದರೆ ಬೇಳೆ ಉಗುರುಬೆಚ್ಚಗಾದ ಮೇಲೆ ಸೇರಿಸಿ. ಕುದಿಯುವಾಗ ಹಾಕಿದರೆ ಪುಡಿ ಒಡೆದು ರಬ್ಬರಿನಂಥ ಗಂಟುಗಳಾಗುತ್ತದೆ, ಮತ್ತೆ ಕಲಸಿದರೂ ಕರಗದು.

ಅರ್ಧ ಲೀಟರ್ ಮೊಸರನ್ನು ತೆಳು ಪಂಚೆಯ ತುಂಡಿನಲ್ಲಿ ಕಟ್ಟಿ ನಾಲ್ಕು ಗಂಟೆ ನೇತುಹಾಕಿದರೆ ಅರ್ಧಕ್ಕಿಂತ ಹೆಚ್ಚು ನೀರಾಗಿ ಇಳಿದುಹೋಗುತ್ತದೆ, ಪ್ರೋಟೀನ್ ಬಹುಪಾಲು ಬಟ್ಟೆಯಲ್ಲೇ ಉಳಿಯುತ್ತದೆ. ಜಾಗ ಕಡಿಮೆ ಇರುವವರಿಗೆ ಇಂಥದ್ದೇ ಬೇಕು. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸಿ ಭೇದಿ ಆಗುವವರಿಗೂ ಸಾಮಾನ್ಯವಾಗಿ ಇದು ಒಗ್ಗುತ್ತದೆ.

ಐದನೇ ವಾರದಿಂದ ಮೆತ್ತನೆಯದು: ಮೊಟ್ಟೆ, ಕೈಯಲ್ಲಿ ಪುಡಿ ಮಾಡಿದ ಪನೀರ್, ಹಬೆಯಲ್ಲಿ ಬೆಂದ ಮೀನು. ಅವರೆಕಾಯಿ ಕಾಲದಲ್ಲಿ ಸರ್ಜರಿ ಆದವರು ಪುಣ್ಯವಂತರು. ಹಿದಕಿದ ಬೇಳೆಗೆ ಸಿಪ್ಪೆಯೇ ಇಲ್ಲ, ಬೆಣ್ಣೆಯಂತೆ ಬೇಯುತ್ತದೆ. ಸಿಪ್ಪೆ ಇರುವ ಕಾಳು, ನುಗ್ಗೆಕಾಯಿ, ಕೊಬ್ಬರಿ ಚೂರು, ಕಿತ್ತಳೆ ತೊಳೆಯ ಬಿಳಿ ಪೊರೆ, ಒಣಗಿದ ಕೋಳಿ ಎದೆಮಾಂಸ ಮೂರು ತಿಂಗಳು ದೂರ. ಕೋಳಿ ಬೇಕೆಂದರೆ ಕಾಲಿನ ಮಾಂಸ ಖೀಮಾ ಮಾಡಿಸಿ, ಒದ್ದೆಯಾಗಿಯೇ ಬೇಯಿಸಿ.

ಇನ್ನು ಮುದ್ದೆ. ಕೊಳವೆಯ ನಡುವೆ ಒಂದು ತಿರುವಿದೆ, ಅಲ್ಲಿ ಇನ್ನೂ ಕಿರಿದು. ನುಂಗಿದ ತುತ್ತು ಅಂಟಿನ ಉಂಡೆಯಾಗಿಯೇ ಇಳಿದು ಅಲ್ಲಿ ಕೂರುತ್ತದೆ. ಹಿಂದಿನಿಂದ ಸಾರು ಕುಡಿದು ತಳ್ಳಲು ನೋಡಿದರೆ ಉಂಡೆ ಜರುಗುವುದಿಲ್ಲ, ಸಾರು ಅದರ ಮೇಲೆ ನಿಲ್ಲುತ್ತದೆ. ಅದೂ ಅಲ್ಲದೆ 100 ಗ್ರಾಂ ರಾಗಿಹಿಟ್ಟಿನಲ್ಲಿ ಇರುವುದು ಸುಮಾರು 7 ಗ್ರಾಂ ಪ್ರೋಟೀನ್, ಒಂದು ಮೊಟ್ಟೆಗಿಂತ ತುಸು ಹೆಚ್ಚು. ಇರುವ ಒಂದು ಲೋಟ ಜಾಗವನ್ನು ಅದಕ್ಕೆ ಕೊಟ್ಟರೆ ಬೇರೇನೂ ಹಿಡಿಯದು. ನಾನು ಮುದ್ದೆಗೆ ಮರಳಿದ್ದು ಆರು ತಿಂಗಳ ಮೇಲೆ: ಹಿಟ್ಟು ಕಡಿಮೆ ಮಾಡಿ ಮೆತ್ತಗೆ ತೊಳಸಿದ್ದು, ನಿಂಬೆಹಣ್ಣಿನ ಗಾತ್ರ, ಕಡಲೆಕಾಳಿನಷ್ಟು ಮುರಿದು ಅಗಿದು, ಅದೂ ಪ್ರೋಟೀನ್ ತಿಂದಾದ ಮೇಲೆ. ಮುದ್ದೆಯನ್ನು ಅಗಿದರೆ ಹಲ್ಲಿಗೆ ಮೆತ್ತುತ್ತದೆ, ಚೆನ್ನಾಗಿರುವುದಿಲ್ಲ, ಸುಳ್ಳೇಕೆ ಹೇಳಲಿ.

ಸಾರು ಅನ್ನದ ವಿಷಯ ಇನ್ನೊಂದು ಥರ. ದ್ರವ ಕಲಸಿದ ಅನ್ನ ಕೊಳವೆಯಲ್ಲಿ ನಿಲ್ಲದೆ ಬೇಗ ಕರುಳಿಗೆ ಜಾರುತ್ತದೆ. ಹೊಟ್ಟೆ ತುಂಬಿದ್ದು ತಿಳಿಯುವುದಿಲ್ಲ, ಹೆಚ್ಚು ತಿನ್ನುತ್ತೀರಿ. ಅದಕ್ಕೇ ಊಟದ ಜೊತೆ ಕುಡಿಯಬೇಡಿ, ಊಟವಾಗಿ ಅರ್ಧ ಗಂಟೆ ಕಾಯಿರಿ ಎನ್ನುವುದು. ಈ ನಿಯಮಕ್ಕೆ ಹೇಳಿ ಮಾಡಿಸಿದ ಅಡುಗೆ ನಮ್ಮಲ್ಲೇ ಇದೆ: ಬಸ್ಸಾರು. ಬೇಳೆ, ಸೊಪ್ಪು ಬೇಯಿಸಿ ಬಸಿದ ಮೇಲೆ ಗಟ್ಟಿ ಭಾಗ ಪಲ್ಯ, ಬಸಿದ ನೀರು ಸಾರು. ದ್ರವ ಬೇರೆ, ಘನ ಬೇರೆ ಆಗಿಯೇ ಬರುತ್ತದೆ. ಸೊಪ್ಪಿನ ದಂಟು ತೆಗೆದು ಸಣ್ಣಗೆ ಹೆಚ್ಚಿ, ಬೇಳೆ ಇಮ್ಮಡಿ ಹಾಕಿ ಪಲ್ಯ ಮಾಡಿ ಒಂದು ಗಂಟೆಗೆ ತಿನ್ನುವುದು. ಎರಡೂವರೆಗೆ ಸಾರನ್ನು ಲೋಟದಲ್ಲಿ ಗುಟುಕರಿಸುವುದು. ನಮ್ಮ ಮನೆಯಲ್ಲಿ ವಾರಕ್ಕೆ ಮೂರು ದಿನ ಇದೇ.

ತಟ್ಟೆಯ ಬದಲು ಸಾಸರ್. ಮೊದಲ ತಿಂಗಳುಗಳಲ್ಲಿ ಕೈ ಬಿಟ್ಟು ಸಣ್ಣ ಟೀ ಚಮಚ. ಕೈಯಲ್ಲಿ ಕಲಸಿದರೆ ತುತ್ತು ತಾನಾಗಿ ದೊಡ್ಡದಾಗುತ್ತದೆ. ತುತ್ತಿಗೆ 20–25 ಸಲ ಅಗಿದು, ಚಮಚ ಕೆಳಗಿಟ್ಟು, ಆಮೇಲೆ ಮುಂದಿನದು. ಊಟ 20 ನಿಮಿಷಕ್ಕಿಂತ ಬೇಗ ಮುಗಿದರೆ ಅಗಿದಿಲ್ಲ ಎಂದರ್ಥ, 30 ದಾಟಿದರೆ ಎದ್ದುಬಿಡಿ.

ತುಂಬಿದ ಸೂಚನೆ ಹೊಟ್ಟೆಯಲ್ಲಿ ಬರುವುದಿಲ್ಲ. ಕೆಲವರಿಗೆ ಒಂದು ಬಿಕ್ಕಳಿಕೆ, ಕೆಲವರಿಗೆ ಸೀನು, ಮೂಗಿನಲ್ಲಿ ನೀರು, ಎದೆಮೂಳೆಯ ಕೆಳಗೆ ಬೆರಳಿಟ್ಟು ಒತ್ತಿದಂತೆ. ನನಗೆ ಬಿಕ್ಕಳಿಕೆ. ಅದಾದ ಮೇಲೂ ಒಂದು ತುತ್ತು ಇಟ್ಟರೆ ಬಾಯಿ ತುಂಬ ಗಟ್ಟಿ ಜೊಲ್ಲು, ನೊರೆ. ಆಗ ನೀರು ಕುಡಿಯಬೇಡಿ, ಮಲಗಬೇಡಿ. ಎದ್ದು ನಿಧಾನ ಓಡಾಡಿ, ಜೊಲ್ಲು ನುಂಗದೆ ಉಗಿಯಿರಿ. ಸಾಮಾನ್ಯವಾಗಿ ಮುಕ್ಕಾಲು ಗಂಟೆಯಲ್ಲಿ ಇಳಿಯುತ್ತದೆ. ನೀರೂ ಇಳಿಯುತ್ತಿಲ್ಲ ಎಂದಾದರೆ ಸರ್ಜನ್‌ಗೆ ಫೋನ್ ಮಾಡಿ. ಮೊದಲ ವಾರಗಳಲ್ಲಿ ನಾಡಿ ಬಡಿತ 120 ದಾಟಿ ಇಳಿಯದಿದ್ದರೆ, ಜ್ವರ, ಎಡ ಭುಜದಲ್ಲಿ ನೋವು, ಉಸಿರಾಟದ ಕಷ್ಟ ಇದ್ದರೆ ಹೊಲಿಗೆ ಸೋರಿರಬಹುದು; ಬೆಳಗಾಗಲಿ ಎಂದು ಕಾಯಬೇಡಿ.

ಪ್ರೋಟೀನ್ ಗುರಿ ದಿನಕ್ಕೆ 60ರಿಂದ 80 ಗ್ರಾಂ. ಮೂರನೇ ತಿಂಗಳಲ್ಲಿ ನನ್ನ ಒಂದು ದಿನ: ಬೆಳಗ್ಗೆ ಒಂದು ಮೊಟ್ಟೆ, ಇನ್ನೊಂದರ ಬಿಳಿಭಾಗ, 10 ಗ್ರಾಂ, 11ಕ್ಕೆ 200 ಮಿ.ಲೀ. ಹಾಲಿನಲ್ಲಿ ಒಂದು ಸ್ಕೂಪ್ ವೇ, ಒಂದು ಗಂಟೆ ಹೊತ್ತು ಗುಟುಕರಿಸಿ, 30 ಗ್ರಾಂ. ಮಧ್ಯಾಹ್ನ 50 ಗ್ರಾಂ ಪನೀರ್, ಮೂರು ಚಮಚ ಗಟ್ಟಿ ಬೇಳೆ, 12–13. ಸಂಜೆ ಕಟ್ಟಿದ ಮೊಸರು, 5. ರಾತ್ರಿ 60 ಗ್ರಾಂ ಮೀನು, 12. ಸೇರಿ 70 ಆಸುಪಾಸು. ಮಾಂಸ, ಮೊಟ್ಟೆ ಮುಟ್ಟದವರು ಮೀನಿನ ಜಾಗಕ್ಕೆ 25 ಗ್ರಾಂ ಸೋಯಾ ಚಂಕ್ಸ್ ನೆನೆಸಿ, ಹಿಂಡಿ, ತರಿತರಿಯಾಗಿ ರುಬ್ಬಿ ಪಲ್ಯ ಮಾಡಿಕೊಂಡರೆ 13 ಗ್ರಾಂ ಬರುತ್ತದೆ, ಬೆಳಗಿನದಕ್ಕೆ ಪನೀರ್. ಪುಡಿಯನ್ನು ಬಿಡಲು ಅವಸರ ಪಡಬೇಡಿ.

ಮಾತ್ರೆಗಳು ಜೀವನಪರ್ಯಂತ. ಕಬ್ಬಿಣ ಮತ್ತು ಕ್ಯಾಲ್ಸಿಯಂ ನಡುವೆ ಎರಡು ಗಂಟೆ ಅಂತರ ಬೇಕು, ಕಬ್ಬಿಣ ಮತ್ತು ಕಾಫಿ ನಡುವೆಯೂ. ಕ್ಯಾಲ್ಸಿಯಂ ಒಂದು ಸಲಕ್ಕೆ 500–600 ಮಿ.ಗ್ರಾಂ.ಗಿಂತ ಹೆಚ್ಚು ಮೈಗೆ ಹತ್ತುವುದಿಲ್ಲ, ದಿನಕ್ಕೆ ಬೇಕಾದ್ದು ಊಟದ್ದೂ ಸೇರಿ 1,200–1,500. ಸಿಟ್ರೇಟ್ ರೂಪದ್ದನ್ನೇ ಕೇಳಿ. ಕಾರ್ಬೊನೇಟ್ ಕರಗಲು ಆಮ್ಲ ಬೇಕು, ನಮ್ಮಲ್ಲಿ ಅದು ಕಡಿಮೆ. ನನ್ನ ವೇಳೆ: 7ಕ್ಕೆ ಕಾಫಿ (ಮೊದಲ ತಿಂಗಳು ಅದೂ ಇಲ್ಲ), 9ಕ್ಕೆ ಕಬ್ಬಿಣವಿರುವ ಮಲ್ಟಿವಿಟಮಿನ್, ಮಧ್ಯಾಹ್ನ ಊಟದ ನಂತರ ಮತ್ತು ರಾತ್ರಿ ಕ್ಯಾಲ್ಸಿಯಂ. ಹನ್ನೊಂದರ ಶೇಕ್‌ನಲ್ಲಿ ಹಾಲಿರುವುದರಿಂದ ಮಾತ್ರೆ ತಡವಾದ ದಿನ ಅದನ್ನೂ ಮುಂದಕ್ಕೆ ತಳ್ಳುತ್ತೇನೆ. ಜೊತೆಗೆ ಬಿ12, ವಿಟಮಿನ್ ಡಿ. ಬೈಪಾಸ್ ಆದವರಲ್ಲಿ ಆಹಾರ ಸಣ್ಣಕರುಳಿನ ಮೊದಲ ಭಾಗವನ್ನೇ ಬಿಟ್ಟು ಹೋಗುವುದರಿಂದ ಕಬ್ಬಿಣ, ಬಿ12 ಕೊರತೆ ಇನ್ನೂ ಹೆಚ್ಚು. ಮಂಡಿನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಅವರಿಗಂತೂ ಬೇಡವೇ ಬೇಡ, ಜೋಡಿಸಿದ ಜಾಗದಲ್ಲಿ ಹುಣ್ಣಾಗಬಹುದು.

ಒಂದು ಎಚ್ಚರಿಕೆ ಗಟ್ಟಿಯಾಗಿ. ಕೆಲವು ದಿನ ಬಿಡದೆ ವಾಂತಿಯಾದರೆ ಬಿ1, ಅಂದರೆ ಥಯಮಿನ್, ಬೇಗ ಬರಿದಾಗುತ್ತದೆ. ಕಣ್ಣು ಎರಡೆರಡಾಗಿ ಕಾಣುವುದು, ನಡೆಯುವಾಗ ತೂರಾಡುವುದು, ಮಾತು ಗೊಂದಲವಾಗುವುದು ಅದರ ಲಕ್ಷಣ. ಊರಿನ ಕ್ಲಿನಿಕ್ಕಿನಲ್ಲಿ ಸುಸ್ತಿಗೆಂದು ಗ್ಲೂಕೋಸ್ ಬಾಟಲಿ ಏರಿಸುವ ಮೊದಲು ಬ್ಯಾರಿಯಾಟ್ರಿಕ್ (ತೂಕ ಇಳಿಸುವ) ಸರ್ಜರಿ ಆಗಿದೆ, ಥಯಮಿನ್ ಕೊಡಿ ಎಂದು ಹೇಳಲೇಬೇಕು. ಅದಿಲ್ಲದೆ ಬರೀ ಗ್ಲೂಕೋಸ್ ಹೋದರೆ ಮಿದುಳಿಗೆ ಹಾನಿಯಾಗಬಹುದು. ಈ ಎರಡು ಸಾಲು ಬರೆದ ಚೀಟಿ ನನ್ನ ಪರ್ಸಿನಲ್ಲಿ ಸದಾ ಇರುತ್ತದೆ. ಶುಗರ್, ಬಿಪಿ ಮಾತ್ರೆಯವರು ಮೊದಲ ವಾರದಿಂದಲೇ ಮನೆಯಲ್ಲಿ ಅಳೆದು ಡಾಕ್ಟರಿಗೆ ತಿಳಿಸಿ. ಹಳೆಯ ಡೋಸ್ ಬೇಗ ಹೆಚ್ಚಾಗಿಬಿಡುತ್ತದೆ.

ಮೈಯ ವಿಷಯ. ಮೂರನೇ ತಿಂಗಳ ಸುಮಾರಿಗೆ ಕೂದಲು ಬಾಚಣಿಗೆ ತುಂಬ ಬರುತ್ತದೆ. ಸರ್ಜರಿಯ ಆಘಾತ, ಏಕಾಏಕಿ ತೂಕ ಇಳಿದದ್ದು ಸೇರಿ ಕೂದಲಬೇರುಗಳು ಒಟ್ಟಿಗೆ ವಿಶ್ರಾಂತಿಗೆ ಹೋಗಿರುತ್ತವೆ; ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಮತ್ತೆ ಹುಟ್ಟುತ್ತದೆ. ಎಣ್ಣೆ ಬದಲಿಸಿ ದುಡ್ಡು ಕಳೆಯುವ ಬದಲು ಪ್ರೋಟೀನ್ ಲೆಕ್ಕ ನೋಡಿ, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) ಪರೀಕ್ಷೆ ಮಾಡಿಸಿ. ಜೂನ್ ಮಳೆಗೇ ಚಳಿ ಹತ್ತುತ್ತದೆ, ಮರದ ಬೆಂಚಿನ ಮೇಲೆ ಕೂತರೆ ಕುಂಡೆಮೂಳೆ ಚುಚ್ಚುತ್ತದೆ. ಜೋತ ಚರ್ಮದ ಮಡಿಕೆಯಲ್ಲಿ ಬೆವರು ನಿಂತು ಕೆಂಪಾಗಿ ಉರಿಯುತ್ತದೆ. ಸ್ನಾನದ ನಂತರ ಉಜ್ಜದೆ ಒತ್ತಿ ಒರೆಸಿ, ಪೂರ್ತಿ ಒಣಗಿಸಿ, ಮಡಿಕೆಯ ನಡುವೆ ತೆಳು ಹತ್ತಿ ಬಟ್ಟೆ ಇಟ್ಟರೆ ಬಹುಪಾಲು ತಡೆಯಬಹುದು. ವ್ಯಾಯಾಮದಿಂದ ಆ ಚರ್ಮ ಎಳೆದುಕೊಳ್ಳುತ್ತದೆ ಎಂಬ ಮಾತು ನಂಬಬೇಡಿ. ಅದನ್ನು ತೆಗೆಸುವ ಸರ್ಜರಿ ಯೋಚಿಸುವುದು ತೂಕ ನಿಂತ ಮೇಲೆ, ಅಂದರೆ ಒಂದು, ಒಂದೂವರೆ ವರ್ಷಕ್ಕೆ. ಹೆಣ್ಣುಮಕ್ಕಳಿಗೆ ಏರುಪೇರಾಗಿದ್ದ ಮುಟ್ಟು ಸರಿಹೋಗಿ ಬೇಗ ಗರ್ಭ ನಿಲ್ಲಬಹುದು. 12ರಿಂದ 18 ತಿಂಗಳು ತಡೆಯಲು ಏನು ಬಳಸಬೇಕೆಂದು ಮೊದಲೇ ಕೇಳಿಕೊಳ್ಳಿ.

ಮೂರನೇ ವಾರದ ಹೊತ್ತಿಗೆ ತಕ್ಕಡಿ ನಿಂತುಬಿಡುತ್ತದೆ. ಬಹಳ ಜನಕ್ಕೆ ಆಗುವುದೇ, ಸಾಮಾನ್ಯವಾಗಿ ವಾರ ಹತ್ತು ದಿನದಲ್ಲಿ ಮತ್ತೆ ಇಳಿಯುತ್ತದೆ. ಭಯಪಡಬೇಕಾದ್ದು ಒಂದು ವರ್ಷದ ನಂತರದ್ದಕ್ಕೆ. ಗಟ್ಟಿ ಪನೀರ್ ನಾಲ್ಕು ಚಮಚಕ್ಕೆ ಸಾಕೆನಿಸುತ್ತದೆ, ಆದರೆ ಚಕ್ಕುಲಿ, ಖಾರ ಮಿಕ್ಸ್ಚರ್, ಟೀಗೆ ಅದ್ದಿದ ಬಿಸ್ಕತ್ತು ಬಾಯಲ್ಲೇ ಕರಗಿ ಕೊಳವೆಯಲ್ಲಿ ನಿಲ್ಲದೆ ಜಾರುತ್ತವೆ. ಒಂದು ಪ್ಯಾಕೆಟ್ ಮುಗಿದರೂ ಬಿಕ್ಕಳಿಕೆ ಬರುವುದಿಲ್ಲ. ತೂಕ ಮತ್ತೆ ಏರುವುದು ಹೆಚ್ಚಾಗಿ ಈ ದಾರಿಯಲ್ಲೇ.

ಮದುವೆ ಮನೆಗೆ ಹೋಗುವಾಗ ಮನೆಯಲ್ಲೇ ಮೊಟ್ಟೆಯೋ ಪನೀರೋ ತಿಂದು ಹೊರಡುತ್ತೇನೆ. ಪಂಕ್ತಿಯಲ್ಲಿ ಕೂತರೆ ಕೋಸಂಬರಿಯ ಬೇಳೆ, ಪಲ್ಯ, ಮಜ್ಜಿಗೆಹುಳಿಯ ಗಟ್ಟಿ ಹೋಳು, ಅಷ್ಟೇ. ಹೋಳಿಗೆ ಪಾಯಸ ಸಾಕಷ್ಟು ತಿಂದರೆ ಅರ್ಧ ಗಂಟೆಯೊಳಗೆ ಎದೆ ಬಡಿತ, ಬೆವರು, ಹೊಟ್ಟೆ ಹಿಂಡುವುದು. ಬೈಪಾಸಿನವರಿಗೆ ಇದು ಜಾಸ್ತಿ, ಸ್ಲೀವ್‌ನವರಿಗೂ ತಪ್ಪಿದ್ದಲ್ಲ. ಬಡಿಸುವವರ ಉಪಚಾರ ತಪ್ಪಿಸಲು ಎಲೆಯ ಮೇಲೆ ಸ್ವಲ್ಪ ಅನ್ನ ಹಾಗೇ ಉಳಿದಿರಲಿ. ಬರಿದಾದ ಎಲೆ ಕಂಡರೆ ಬಿಡುವುದಿಲ್ಲ. ಪಕ್ಕದವರು ಕೇಳುವುದು ಒಂದೇ: "ಯಾಕೆ ಹಿಂಗೆ ಇಳಿದುಹೋಗಿದ್ದೀಯ, ಶುಗರ್ ಬಂತಾ?" ಇದಕ್ಕೆ ಉತ್ತರವನ್ನು ದಾರಿಯಲ್ಲೇ ಯೋಚಿಸಿಟ್ಟುಕೊಳ್ಳಿ, ಬಾಯಲ್ಲಿ ತುತ್ತಿಟ್ಟುಕೊಂಡು ಮಾತಾಡಲು ಹೋದರೆ ಅಗಿಯುವುದು ಮರೆಯುತ್ತದೆ.