ಸೈಲೆನ್ಸರ್‌ನಿಂದ ನೀರು ಬಂದರೆ ಹೆಡ್ ಬಿಚ್ಚಲೇಬೇಕಾ?

ಚಿಕ್ಕಮಗಳೂರಿನಲ್ಲಿ ಚಳಿ ಶುರುವಾದ ಮೇಲೆ ನನ್ನ ಗ್ಯಾರೇಜಿಗೆ ತಪ್ಪದೆ ಬರುವ ದೂರು ಇದು: ‘ಸೈಲೆನ್ಸರ್ ಪೈಪಿಂದ ನೀರು ತೊಟ್ಟಿಕ್ತಿದೆ.’ ಇಂಥ ಹೆಚ್ಚಿನ ಕಾರುಗಳನ್ನು ಏನೂ ಬಿಚ್ಚದೆ ವಾಪಸ್ ಕಳಿಸುತ್ತೇನೆ. ಪೆಟ್ರೋಲ್ ಉರಿದರೆ ನೀರು ಹುಟ್ಟಲೇಬೇಕು. ಪೆಟ್ರೋಲಿನ ಹೈಡ್ರೋಜನ್ ಗಾಳಿಯ ಆಮ್ಲಜನಕದ ಜೊತೆ ಸೇರಿ ನೀರಾಗುತ್ತದೆ. 1 ಲೀಟರ್ ಪೆಟ್ರೋಲಿಗೆ ಹೆಚ್ಚುಕಮ್ಮಿ 1 ಲೀಟರ್ ನೀರು! ಹೇಳಿದರೆ ಯಾರೂ ನಂಬಲ್ಲ. ಪೈಪು ಕಾದಿದ್ದರೆ ಅದು ಆವಿಯಾಗಿ ಹೋಗಿಬಿಡುತ್ತದೆ. ಬೆಳಗಿನ ಚಳಿಗೆ ಪೈಪು ತಣ್ಣಗಿದ್ದರೆ ಒಳಗೇ ಹನಿಗಟ್ಟಿ ತುದಿಯಿಂದ ಬೀಳುತ್ತದೆ.

ಆದರೆ ಆ ಮೇಷ್ಟ್ರ ಕಾರಿನದು ಹನಿ ಲೆಕ್ಕದ್ದಾಗಿರಲಿಲ್ಲ. ರಿಟೈರ್ ಆದವರು, ಹಳೇ ಪೆಟ್ರೋಲ್ ಕಾರು. ಮನೆಯಿಂದ ಮಾರ್ಕೆಟ್ಟಿಗೆ, ಅಲ್ಲಿಂದ ದೇವಸ್ಥಾನಕ್ಕೆ, ಮತ್ತೆ ಮನೆಗೆ. ನೆಂಟರು ಬಂದಿದ್ದಾರೆ ಅಂತ ಒಮ್ಮೆ ಮುಳ್ಳಯ್ಯನಗಿರಿಗೆ ಕರೆದುಕೊಂಡು ಹೊರಟಿದ್ದಾರೆ. ಕೈಮರ ದಾಟಿ ಏರು ಹತ್ತುವಾಗ ಪೈಪಿಂದ ನೀರು ಒಂದೇ ಸಲಕ್ಕೆ ಚೆಲ್ಲಿದೆಯಂತೆ. ಬೇರೆ ಗ್ಯಾರೇಜಿನವರು ಆಯಿಲ್ ಕ್ಯಾಪ್ ತೆಗೆದು, ಒಳಗಿನ ಬೆಳ್ಳಗಿನ ಜಿಡ್ಡು ನೋಡಿ, ಹೆಡ್ ಗ್ಯಾಸ್ಕೆಟ್ ಹೋಗಿದೆ, ಹೆಡ್ ಬಿಚ್ಚಿ ಲೇತಿಗೆ ಕಳಿಸಬೇಕು ಅಂದಿದ್ದಾರೆ. ಹೆಡ್ ಅಂದರೆ ಇಂಜಿನ್ನಿನ ಮೇಲ್ಭಾಗ, ಅದಕ್ಕೂ ಕೆಳಗಿನ ಬ್ಲಾಕಿಗೂ ನಡುವೆ ಕೂರುವ ಸೀಲು ಗ್ಯಾಸ್ಕೆಟ್. ಅದು ಹೋದರೆ ಇಂಜಿನ್ ತಂಪಾಗಿಡುವ ಕೂಲೆಂಟ್ ಒಳಗೆ ನುಗ್ಗಿ ಸೈಲೆನ್ಸರಿಂದ ಹೊರಬರಬಹುದು, ಆಯಿಲ್‌ಗೂ ಸೇರಬಹುದು.

‘ಬಿಚ್ಚಲೇಬೇಕೇನಪ್ಪಾ?’ ಅಂತ ಕೇಳಿದರು.

‘ಕಾರು ಇವತ್ತು ರಾತ್ರಿ ಇಲ್ಲೇ ಇರಲಿ ಮೇಷ್ಟ್ರೇ, ಆಮೇಲೆ ಹೇಳ್ತೀನಿ’ ಅಂದೆ.

ರಾತ್ರಿ ಇಟ್ಟುಕೊಂಡಿದ್ದಕ್ಕೆ ಕಾರಣ ಇದೆ. ಕೂಲೆಂಟ್ ಲೆವೆಲ್ ನೋಡುವುದಾದರೆ ಇಂಜಿನ್ ಪೂರ್ತಿ ಆರಿರಬೇಕು. ಬಿಸಿ ಇರುವಾಗ ರೇಡಿಯೇಟರ್ ಕ್ಯಾಪ್ ತೆಗೆದು ಕೈ ಸುಟ್ಟುಕೊಂಡವರನ್ನು ನೋಡಿದ್ದೇನೆ. ಬೆಳಿಗ್ಗೆ ತೆಗೆದರೆ ರೇಡಿಯೇಟರ್ ಬಾಯಿವರೆಗೂ ತುಂಬಿತ್ತು. ಪಕ್ಕದ ಕೂಲೆಂಟ್ ಡಬ್ಬಿಯ ಮೇಲೆ, ಅದು ನಿಂತ ಮಟ್ಟಕ್ಕೆ ಮಾರ್ಕರ್‌ನಲ್ಲಿ ಗೆರೆ ಎಳೆದೆ. ಇಡೀ ಪರೀಕ್ಷೆಯಲ್ಲಿ ನಾನು ಜಾಸ್ತಿ ನಂಬುವುದು ಈ ಗೆರೆಯನ್ನೇ. ಬಿದ್ದ ನೀರಿನ ಬಣ್ಣ, ವಾಸನೆ ನೋಡಿ ತೀರ್ಮಾನ ಮಾಡುವವರಿದ್ದಾರೆ. ಸಿಹಿ ವಾಸನೆ ಬಂದರೆ ಅದು ಕೂಲೆಂಟ್ ಅನ್ನುವುದು ಸರಿಯೇ. ಆದರೆ ಬೆಂಕಿಯೊಳಗೆ ಹಾದು ಬಂದ ಕೂಲೆಂಟಿನಲ್ಲಿ ಹಸಿರು ಬಣ್ಣ ಹುಡುಕುತ್ತಾ ಕೂತರೆ ಮೋಸ ಹೋಗ್ತೀರಿ. ನಾಲಿಗೆಗಂತೂ ಹಚ್ಚಬೇಡಿ, ಅದು ವಿಷ.

ಆಯಿಲ್ ಕ್ಯಾಪಿನ ಒಳಗೆ ಬೆಳ್ಳಗಿನ ಜಿಡ್ಡು ಇದ್ದದ್ದು ನಿಜ. ಡಿಪ್‌ಸ್ಟಿಕ್ ಎಳೆದು ನೋಡಿದೆ, ಅದರಲ್ಲಿ ಆಯಿಲ್ ಕಪ್ಪಗೇ ಇತ್ತು, ನೀರಿನ ಸುಳಿವಿಲ್ಲ. ದಿನಾ ಸ್ವಲ್ಪವೇ ದೂರ ಓಡಿಸಿ ನಿಲ್ಲಿಸುವ ಕಾರಿನ ಇಂಜಿನ್ ಸರಿಯಾಗಿ ಕಾಯುವುದೇ ಇಲ್ಲ. ಒಳಗಿನ ಆವಿ ಮೇಲೆ ಹೋಗಿ ತಣ್ಣನೆಯ ಕ್ಯಾಪಿಗೆ ಅಂಟಿ ಆಯಿಲ್ ಜೊತೆ ಕಲೆಸಿಕೊಳ್ಳುತ್ತದೆ. ಬಟ್ಟೆಯಲ್ಲಿ ಒರೆಸಿ, ಮೇಷ್ಟ್ರನ್ನೂ ಕೂರಿಸಿಕೊಂಡು ಬೇಲೂರಿಗೆ ಹೊರಟೆ.

ಟೆಂಪರೇಚರ್ ಮುಳ್ಳು ನಡುವೆಯೇ ನಿಂತಿತ್ತು. ಬೆಳಿಗ್ಗೆ ಬರುತ್ತಿದ್ದ ಬಿಳಿ ಹೊಗೆ ಬೇಲೂರು ತಲುಪುವಷ್ಟರಲ್ಲಿ ಪೂರ್ತಿ ನಿಂತಿತ್ತು. ವಾಪಸ್ ಬಂದು ನೋಡಿದರೆ ಕ್ಯಾಪ್ ಶುಭ್ರ. ಇಂಜಿನ್ ಆರಿದ ಮೇಲೆ ಡಬ್ಬಿಯ ನೀರು ಗೆರೆಗೆ ಸರಿಯಾಗಿ ನಿಂತಿತ್ತು. ಆದರೂ ಬ್ಲಾಕ್ ಟೆಸ್ಟರ್ ಇಟ್ಟೆ. ರೇಡಿಯೇಟರ್ ಬಾಯಿಗೆ ಇಡುವ ಕೊಳವೆ ಅದು, ಒಳಗೆ ನೀಲಿ ದ್ರವ ಇರುತ್ತದೆ. ಉರಿದ ಗ್ಯಾಸ್ ಕೂಲೆಂಟಿಗೆ ನುಗ್ಗುತ್ತಿದ್ದರೆ ಅದು ಹಳದಿಗೆ ತಿರುಗಬೇಕು. ನೀಲಿಯೇ ಉಳಿಯಿತು. ಆಲ್ದೂರು ಕಡೆಯ ಎಸ್ಟೇಟಿನ ಒಂದು ಕಾರಿನಲ್ಲಿ ಇದೇ ದ್ರವ ನೋಡನೋಡುತ್ತಲೇ ಬಣ್ಣ ಬಿಟ್ಟಿತ್ತು. ಅದರಲ್ಲಿ ಇಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲುತ್ತಿರಲಿಲ್ಲ, ಪದೇಪದೇ ಕೂಲೆಂಟ್ ಹಾಕಬೇಕಾಗುತ್ತಿತ್ತು. ಅದರ ಹೆಡ್ ನಾನೇ ಬಿಚ್ಚಿದೆ.

ಸರಿ, ಗ್ಯಾಸ್ಕೆಟ್ ಚೆನ್ನಾಗಿದೆ. ಹಾಗಾದರೆ ಅಷ್ಟೊಂದು ನೀರು ಎಲ್ಲಿ ಕೂತಿತ್ತು?

ಬೇಲೂರು ರಸ್ತೆಯಲ್ಲಿ ಹಂಪ್ ಬಂದು ಬ್ರೇಕ್ ಹಿಡಿದಾಗಲೆಲ್ಲ ಹಿಂದಿನಿಂದ ಗುಳುಗುಳು ಸದ್ದು ಕೇಳುತ್ತಿತ್ತು. ಮೇಷ್ಟ್ರು ಅದನ್ನು ಡಿಕ್ಕಿಯಲ್ಲಿದ್ದ ನೀರಿನ ಬಾಟಲ್ ಅಂದುಕೊಂಡಿದ್ದರು. ಕಾರನ್ನು ಎತ್ತಿ ಸ್ಟ್ಯಾಂಡ್ ಕೊಟ್ಟು ಕೆಳಗೆ ಮಲಗಿದೆ. ಸ್ಪ್ಯಾನರ್ ಹಿಂಬದಿಯಿಂದ ಸೈಲೆನ್ಸರ್ ಡ್ರಮ್ಮನ್ನು ತಟ್ಟುತ್ತಾ ಬಂದರೆ ಮೇಲೆಲ್ಲ ಟಣ್ ಅನ್ನುತ್ತದೆ, ತಳದಲ್ಲಿ ತುಂಬಿದ ಕೊಡ ತಟ್ಟಿದ ಹಾಗೆ ಮಂದ ಸದ್ದು. ತಳದಲ್ಲಿ ನೀರು ಇಳಿಯಲಿ ಅಂತ ಕಂಪನಿಯವರೇ ಬಿಟ್ಟ ಸಣ್ಣ ತೂತು ಇರಬೇಕಿತ್ತು. ಅಲ್ಲಿ ಇದ್ದದ್ದು ವೆಲ್ಡಿಂಗ್ ಮಾಡಿದ ಒಂದು ಗುಬುಟು! ಯಾರೋ ಪುಣ್ಯಾತ್ಮರು ಸೈಲೆನ್ಸರ್ ತೂತಾಗಿದೆ ಅಂತ ಮುಚ್ಚಿದ್ದಾರೆ. ನೀರು ಹೋಗಲು ದಾರಿಯಿಲ್ಲದೆ ಅಲ್ಲೇ ಸೇರಿದೆ. ಏರು ಹತ್ತುವಾಗ ಹಿಂದಕ್ಕೆ ಜಾರಿ ಪೈಪಿಂದ ಚೆಲ್ಲಿದೆ.

ಪೈಪು ಆರುವವರೆಗೆ ಕಾದು, ಕೈ ಡ್ರಿಲ್ಲಿಗೆ 3 ಮಿ.ಮೀ. ಬಿಟ್ ಹಾಕಿ ಆ ಗುಬುಟನ್ನೇ ಕೊರೆದೆ. ಪೆಟ್ರೋಲ್ ಟ್ಯಾಂಕ್ ಹತ್ತಿರವೇ ಇರುವುದರಿಂದ ಕಿಡಿ ಹಾರುವ ಗ್ರೈಂಡರ್ ಮುಟ್ಟಲಿಲ್ಲ. ಬಿಟ್ ಒಳಗೆ ಹೋದದ್ದೇ ತಡ, ತುಕ್ಕು ಮಸಿ ಸೇರಿದ ಕಪ್ಪು ನೀರು ಮೊಣಕೈವರೆಗೂ ಇಳಿಯಿತು. ಕೆಳಗಿಟ್ಟ ತಗಡಿನ ಮಗ್ ತುಂಬಿ ಹೊರಚೆಲ್ಲಿತು. ಡ್ರಮ್ಮಿನ ಅಂಚು ಒಳಗಿಂದ ತುಕ್ಕು ಹಿಡಿದಿದೆ, ಹೊಸ ಸೈಲೆನ್ಸರಿಗೆ ಈಗಲೇ ದುಡ್ಡು ಎತ್ತಿಡಿ ಅಂತಲೂ ಹೇಳಿದೆ. ಆಗಾಗ ಬೇಲೂರಿನಷ್ಟು ದೂರ ಓಡಿಸಿದರೆ ಒಳಗೆಲ್ಲ ಕಾದು ಒಣಗುತ್ತದೆ.

ಮುಂದಿನ ಸರ್ವೀಸಿಗೆ ಬಂದಾಗ ಮೇಷ್ಟ್ರ ದೂರು ಬೇರೆ ಇತ್ತು. ಈಗ ನೀರು ಆ ತೂತಿನಿಂದ ಇಳಿದು ಪೋರ್ಟಿಕೋ ಟೈಲ್ಸ್ ಮೇಲೆ ಕಪ್ಪು ಕಲೆ ಆಗ್ತಿದೆ ಅಂತ ಮನೆಯಲ್ಲಿ ಬೈಗುಳವಂತೆ. ತೂತು ಕಟ್ಟದ ಹಾಗೆ ತಂತಿ ಆಡಿಸಿ, ಅದರ ಕೆಳಗೆ ಒಂದು ಹಳೇ ಗೋಣಿತಾಟು ಹಾಸಿ ಅಂದೆ.